ಮನೆಗೆ ಬಂದ ಮೊಲಕ್ಕೆ ಮೊದಲ ಹದಿನೈದು ದಿನ

ಮಕ್ಕಳಿರುವ ಮನೆ ಎಂದಮೇಲೆ ಒಂದಲ್ಲ ಒಂದು ದಿನ ಈ ಹಠ ಇದ್ದದ್ದೇ: “ಅಮ್ಮಾ, ನಮಗೂ ಒಂದು ಮೊಲ ಬೇಕು.” ಪಕ್ಕದ ಮನೆಯಲ್ಲಿ ನೋಡಿರುತ್ತಾರೆ, ಇಲ್ಲವೇ ಬೆಂಗಳೂರಿಗೆ ಹೋದಾಗ ಅಂಗಡಿಯಲ್ಲಿ ಹತ್ತಿಯ ಉಂಡೆಗಳಂತೆ ಕೂತ ಮರಿಗಳನ್ನು ಕಂಡಿರುತ್ತಾರೆ. ಯಜಮಾನರೂ “ಇರಲಿ ಬಿಡೆ, ಮಕ್ಕಳ ಆಸೆ” ಎನ್ನುತ್ತಾರೆ. ಮೊಲ ಮನೆಗೆ ಬರುತ್ತದೆ. ಬೀದಿಯ ಮಕ್ಕಳೆಲ್ಲ ಮುತ್ತಿಕೊಂಡು ಕೈಯಿಂದ ಕೈಗೆ ದಾಟಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಅದು ಮೇವು ಬಿಟ್ಟು ಮೂಲೆ ಸೇರಿ, ಒಂದು ಬೆಳಿಗ್ಗೆ ನೋಡಿದರೆ ಸೆಟೆದು ಮಲಗಿರುತ್ತದೆ. “ಯಾರ ಕಣ್ಣು ಬಿತ್ತೋ”, “ನಮ್ಮ ಮನೆಗೆ ಆಗಿಬರಲಿಲ್ಲ” ಎಂದುಕೊಂಡು ಹಿತ್ತಿಲಲ್ಲಿ ಹೂಳುತ್ತೇವೆ. ಮಗು ಎರಡು ದಿನ ಸರಿಯಾಗಿ ಊಟ ಮಾಡುವುದಿಲ್ಲ.

ಕಣ್ಣೂ ಅಲ್ಲ, ದೃಷ್ಟಿಯೂ ಅಲ್ಲ, ಸೋದರಿಯರೇ. ಹೊಸದಾಗಿ ಬಂದ ಮೊಲಕ್ಕೆ ಶತ್ರುಗಳು ಮುಖ್ಯವಾಗಿ ಮೂರು: ಹೆದರಿಕೆ, ಥಟ್ಟನೆ ಬದಲಾದ ಮೇವು, ಸೆಕೆ. ಈ ಮೂರನ್ನೂ ತಡೆಯುವುದು ಮನೆಯಲ್ಲಿರುವ ನಮ್ಮ ಕೈಯಲ್ಲೇ ಇದೆ. ಮೊದಲ ಹದಿನೈದು ದಿನ ಜೋಪಾನ ಮಾಡಿದರೆ ಮೊಲ ಎಂಟು ಹತ್ತು ವರ್ಷ ನಿಮ್ಮ ಮನೆಯಲ್ಲಿ ಬಾಳುತ್ತದೆ. ಐದನೇ ಕ್ಲಾಸಿನ ಮಗು ತಂದ ಮೊಲ, ಆ ಮಗು ಪಿಯುಸಿ ದಾಟುವವರೆಗೂ ಇರಬಹುದು. ಅಷ್ಟು ದಿನ ಗೂಡು ತೊಳೆಯುವವರು ಯಾರು ಅನ್ನೋದನ್ನು ತರುವ ಮುಂಚೆಯೇ ಮನೆಮಂದಿ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಆ ಕೆಲಸವೂ ನಮ್ಮ ಪಾಲಿಗೇ ಬರುತ್ತದೆ!

ಯಾವುದನ್ನು ತರಬೇಕು?

ಮೊಬೈಲಿನಲ್ಲಿ ನೋಡಿ ಚಿಂಚಿಲ್ಲವೇ ಬೇಕೆನ್ನುವ ಮಕ್ಕಳೂ ಈಗ ಇದ್ದಾರೆ. ಅದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಚಳಿಯಲ್ಲಿ ಬಾಳುವ, ದಟ್ಟ ತುಪ್ಪಳದ ಪುಟ್ಟ ಪ್ರಾಣಿ. ಆ ತುಪ್ಪಳಕ್ಕಾಗಿಯೇ ಬೇಟೆಯಾಡಿ ಅದರ ಸಂತತಿಯನ್ನು ಕಾಡಿನಲ್ಲಿ ಅಳಿವಿನ ಅಂಚಿಗೆ ತಂದಿದ್ದಾರೆ. 25 ಡಿಗ್ರಿ ಮೀರಿದ ಸೆಕೆ ಅದಕ್ಕೆ ಆಗಿಬರದು. ಬೇಸಿಗೆಯಲ್ಲಿ ಸೂರ್ಯ ಮುಳುಗಿದ ಮೇಲೂ ಬಂಡೆಯ ಕಾವು ಆರದ ನಮ್ಮ ರಾಮನಗರ, ಕನಕಪುರದ ಕಡೆ ಅದನ್ನು ಸಾಕುವುದೆಂದರೆ ಅದಕ್ಕೆ ಹಿಂಸೆ, ನಮಗೆ ಚಿಂತೆ. ಆ ಆಸೆ ಬಿಟ್ಟು ಸಾಕು ಮೊಲಕ್ಕೆ ತೃಪ್ತಿಪಡುವುದು ಜಾಣತನ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ರಾಗಿ ಕುಯ್ಯುವಾಗಲೋ, ಬೆಟ್ಟದ ತಪ್ಪಲಲ್ಲಿ ದನ ಮೇಯಿಸುವಾಗಲೋ ಕಂದು ಬಣ್ಣದ ಮರಿ ಸಿಕ್ಕಿತೆಂದು ಮನೆಗೆ ತರುವವರುಂಟು. ಅದು ಕಾಡುಮೊಲ. ಸಾಕು ಮೊಲದ ಮೂಲ ಯೂರೋಪು. ಎರಡಕ್ಕೂ ಜಾತಿಯೇ ಬೇರೆ. ಸಾಕು ಮೊಲದ ಮರಿ ಹುಟ್ಟುವಾಗ ಕೂದಲಿರುವುದಿಲ್ಲ, ಕಣ್ಣೂ ಮುಚ್ಚಿರುತ್ತದೆ. ಕಾಡುಮೊಲದ ಮರಿ ಕೂದಲು ಸಮೇತ, ಕಣ್ಣು ತೆರೆದೇ ಹುಟ್ಟುತ್ತದೆ. ತಾಯಿ ಅದನ್ನು ಹುಲ್ಲಿನ ಮರೆಯಲ್ಲಿ ಬಿಟ್ಟು ಹೋಗಿ, ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ಒಂಟಿಯಾಗಿ ಕಂಡ ಮಾತ್ರಕ್ಕೆ ಅದು ತಬ್ಬಲಿಯಲ್ಲ. ಇದ್ದಲ್ಲೇ ಬಿಟ್ಟು ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಗಾಯಗೊಂಡದ್ದು ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಸಾಕು ಮೊಲ ಕೊಳ್ಳುವಾಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮರಿಗೆ ಮನಸೋಲಬೇಡಿ. ಎಂಟು ವಾರವಾದರೂ ತಾಯಿಯ ಹತ್ತಿರ ಇದ್ದ ಮರಿ ಬೇಕು. ಕಣ್ಣು ಹೊಳೆಯುತ್ತಿರಬೇಕು, ಮೂಗು ಒದ್ದೆಯಿರಬಾರದು, ಕಿವಿಯೊಳಗೆ ಹೊಪ್ಪಳೆ ಇರಬಾರದು, ಹಿಂಭಾಗ ಚೊಕ್ಕಟವಾಗಿರಬೇಕು. ಯಾರಾದರೂ ಸಾಕಲಾಗದೆ ಬಿಟ್ಟುಕೊಡುವ ದೊಡ್ಡ ಮೊಲ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದರ ಜೊತೆಗೆ ಎರಡು ವಸ್ತು ಕೇಳಿ ತನ್ನಿ: ಅದು ತಿನ್ನುತ್ತಿದ್ದ ಮೇವು ಒಂದು ವಾರಕ್ಕಾಗುವಷ್ಟು, ಅದು ಮಲಗುತ್ತಿದ್ದ ಹುಲ್ಲು ಒಂದು ಹಿಡಿ. ಹಳೆಯ ವಾಸನೆ ಜೊತೆಗಿದ್ದರೆ ಹೊಸ ಜಾಗದ ಭಯ ಅರ್ಧ ಕಡಿಮೆಯಾಗುತ್ತದೆ.

ಬಸ್ಸಿನಲ್ಲಿ ತರುವುದಾದರೆ ಬೆಳಗಿನ ತಂಪಿನಲ್ಲೇ ಹೊರಡಿ. ಮುಚ್ಚಳವಿರುವ ಬಿದಿರಿನ ಬುಟ್ಟಿಗೆ ಹುಲ್ಲು ಹಾಸಿ ತನ್ನಿ. ಪ್ಲಾಸ್ಟಿಕ್ ಚೀಲ ಖಂಡಿತ ಬೇಡ.

ಗೂಡು ಮೊದಲು, ಮೊಲ ಆಮೇಲೆ

ಮೊಲ ಬರುವ ಹಿಂದಿನ ದಿನವೇ ಗೂಡು ಸಿದ್ಧವಾಗಿರಲಿ. ಕಡೇಪಕ್ಷ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲವಿರಬೇಕು. ಹಿಂಗಾಲ ಮೇಲೆ ಎದ್ದು ನಿಂತರೆ ಕಿವಿ ತಾಗದಷ್ಟು ಎತ್ತರವಿರಬೇಕು. ಇದು ಮಲಗುವ ಮನೆ ಮಾತ್ರ. ದಿನಕ್ಕೆ ಕೆಲವು ಗಂಟೆ ಕೋಣೆಯಲ್ಲಿ ಓಡಾಡಲು ಬಿಡಲೇಬೇಕು. ತಳಕ್ಕೆ ಬರೀ ತಂತಿ ಬಲೆ ಇದ್ದರೆ ಪಾದ ಹುಣ್ಣಾಗುತ್ತದೆ. ಮೇಲೆ ಹಲಗೆಯೋ ಗೋಣಿಚೀಲವೋ ಹಾಸಿ. ಸುತ್ತಲಿನ ಬಲೆಯ ಕಣ್ಣು ಸಣ್ಣದಿರಲಿ. ಹೆಗ್ಗಣ, ಬೆಕ್ಕು, ಹಾವು ನಮ್ಮ ಊರುಗಳಲ್ಲಿ ಹೊಸತೇನಲ್ಲವಲ್ಲ!

ಒಳಗೆ ಒಂದು ಮೂಲೆಗೆ ಮರದ ಪೆಟ್ಟಿಗೆಯನ್ನೋ ರಟ್ಟಿನ ಡಬ್ಬವನ್ನೋ ಬಾಗಿಲು ಕೊರೆದು ಇಡಿ. ಇದು ಅಲಂಕಾರಕ್ಕಲ್ಲ. ಮೊಲ ಬೇಟೆಗೆ ಸಿಕ್ಕುವ ಪ್ರಾಣಿ. ಅಡಗಲು ಜಾಗವಿಲ್ಲದಿದ್ದರೆ ಅದಕ್ಕೆ ನಿದ್ದೆ ಬಾರದು, ಮೇವು ಇಳಿಯದು. ಇನ್ನೊಂದು ಮೂಲೆಗೆ ಅಗಲವಾದ ತಟ್ಟೆಯಲ್ಲಿ ಹಳೆ ಪೇಪರ್, ಮೇಲೆ ಹುಲ್ಲು ಹಾಕಿ. ಮೊಲ ಒಂದೇ ಕಡೆ ಉಚ್ಚೆ ಹೊಯ್ಯುವ ಸ್ವಭಾವದ್ದು, ಬೇಗ ಕಲಿಯುತ್ತದೆ. ದಿನಾ ಪೇಪರ್ ಬದಲಿಸಿದರೆ ಮನೆಯಲ್ಲಿ ವಾಸನೆ ಬರುವುದಿಲ್ಲ.

ಟಿವಿ ಪಕ್ಕ, ಒಲೆಯ ಹತ್ತಿರ, ಬೀದಿ ಬಾಗಿಲ ಎದುರು ಗೂಡು ಇಡಬೇಡಿ. ನಡುಮನೆಯ ಒಂದು ಶಾಂತ ಮೂಲೆ ಒಳ್ಳೆಯದು.

ದಿನದ ಲೆಕ್ಕ

ಮೊದಲ ದಿನ ಗೂಡಿಗೆ ಬಿಟ್ಟು, ಹುಲ್ಲು ನೀರು ಇಟ್ಟು, ದೂರ ಸರಿಯಿರಿ. ಮುಟ್ಟುವುದು, ಎತ್ತುವುದು, ನೆಂಟರಿಗೆ ತೋರಿಸುವುದು ಯಾವುದೂ ಬೇಡ. ಮಕ್ಕಳಿಗೆ ಇದು ಕಷ್ಟವೇ. “ಹೊಸ ಶಾಲೆಗೆ ಸೇರಿದ ದಿನ ನಿನಗೆ ಹೇಗಿತ್ತು ಹೇಳು” ಎಂದು ಕೇಳಿ ನೋಡಿ, ಅರ್ಥವಾಗುತ್ತದೆ.

ಎರಡು, ಮೂರನೆಯ ದಿನ ಗೂಡಿನ ಬಳಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ. ಸೊಪ್ಪು ಬಿಡಿಸಿ, ಅಕ್ಕಿ ಆರಿಸಿ, ಮೆಲ್ಲಗೆ ಮಾತಾಡುತ್ತಿರಿ. ನಿಮ್ಮ ದನಿ, ವಾಸನೆ ಅದಕ್ಕೆ ರೂಢಿಯಾಗಲಿ.

ನಾಲ್ಕರಿಂದ ಏಳನೆಯ ದಿನದೊಳಗೆ ಕೈಯಲ್ಲಿ ಒಂದೆಳೆ ಕೊತ್ತಂಬರಿ ಹಿಡಿದು ಬಾಗಿಲ ಬಳಿ ಇಡಿ. ಅದಾಗಿ ಬಂದು ತಿಂದರೆ ಸರಿ. ಬಾರದಿದ್ದರೆ ನಾಳೆ ಬರುತ್ತದೆ. ತಿನ್ನುವಾಗ ಹಣೆಯನ್ನು ಒಂದು ಬೆರಳಿಂದ ಸವರಿ. ಮೂಗಿನೆದುರು ಕೈ ಚಾಚಬೇಡಿ, ಮೇಲಿನಿಂದ ಹದ್ದು ಎರಗಿದಂತೆ ಹಿಡಿಯಬೇಡಿ.

ಎರಡನೆಯ ವಾರ ಕೋಣೆಯ ಬಾಗಿಲು ಹಾಕಿ, ಕರೆಂಟಿನ ವೈರುಗಳನ್ನು ಮೇಲೆ ಕಟ್ಟಿ, ಗೂಡಿನ ಬಾಗಿಲು ತೆರೆಯಿರಿ. ಮಕ್ಕಳು ನೆಲದ ಮೇಲೆ ಸುಮ್ಮನೆ ಕೂರಲಿ; ಮೊಲವೇ ಹತ್ತಿರ ಬಂದು ಮೂಸುತ್ತದೆ. ಚನ್ನಪಟ್ಟಣದ ಮರದ ಗೊಂಬೆಗಳಿದ್ದರೆ ಮೊದಲೇ ಎತ್ತಿಡಿ. ಬಣ್ಣದ ಕುದುರೆಯ ಕಾಲು ಉಳಿಯುವುದಿಲ್ಲ! ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಸವೆಸಲು ಅದಕ್ಕೆ ಏನಾದರೂ ಬೇಕೇ ಬೇಕು. ಸೀಬೆ ಅಥವಾ ಹಿಪ್ಪುನೇರಳೆಯ ಕಡ್ಡಿ ಕೊಟ್ಟರೆ ಸಂತೋಷವಾಗಿ ಕಡಿಯುತ್ತದೆ.

ಎತ್ತಲೇಬೇಕಾದಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು ಮೈಗೆ ಆನಿಸಿಕೊಳ್ಳಿ. ಕಿವಿ ಹಿಡಿದು ಎತ್ತುವುದು ಮಹಾ ತಪ್ಪು. ಹಿಂಗಾಲು ಜೋತಾಡಿದರೆ ಅದು ಝಾಡಿಸಿ ಒದೆಯುತ್ತದೆ. ಆ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು.

ಮೇವು: ಕ್ಯಾರೆಟ್ ಅಲ್ಲ, ಹುಲ್ಲು

ಚಿತ್ರಗಳಲ್ಲಿ ಮೊಲದ ಕೈಯಲ್ಲಿ ಸದಾ ಕ್ಯಾರೆಟ್ ಇರುತ್ತದೆ. ನಿಜದಲ್ಲಿ ಅದು ಮೊಲಕ್ಕೆ ಮಿಠಾಯಿ ಇದ್ದಂತೆ, ವಾರಕ್ಕೆ ಒಂದೆರಡು ಸಣ್ಣ ಚೂರು ಸಾಕು. ಊಟವೆಂದರೆ ಹುಲ್ಲು. ಒಣಗಿದ ಗರಿಕೆ, ಹಸಿ ಗರಿಕೆ, ಬೂಸ್ಟು ಹಿಡಿಯದ ರಾಗಿ ಹುಲ್ಲು, ಇವು ಹಗಲೂ ರಾತ್ರಿ ಗೂಡಿನಲ್ಲಿ ಇರಬೇಕು. ಜೊತೆಗೆ ದಿನಕ್ಕೊಂದೆರಡು ಹಿಡಿ ಸೊಪ್ಪು: ಕೊತ್ತಂಬರಿ, ಪುದೀನ, ಮೂಲಂಗಿ ಎಲೆ, ಕ್ಯಾರೆಟ್ ಎಲೆ. ತೊಳೆದು ನೀರು ಹಿಂಡಿ ಕೊಡಿ. ಹೊಸ ಸೊಪ್ಪನ್ನು ಒಂದೊಂದಾಗಿ, ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿ. ಮೊದಲ ವಾರ ಹಳೆ ಮನೆಯ ಮೇವನ್ನೇ ಮುಂದುವರಿಸಿ, ಎರಡನೆಯ ವಾರ ಬೆರಕೆ ಮಾಡುತ್ತಾ ಬನ್ನಿ.

ನಾವು ರೇಷ್ಮೆ ಸೀಮೆಯವರು. ಹಿಪ್ಪುನೇರಳೆ ಸೊಪ್ಪು ನಮಗೆ ಕೈಗೆಟುಕುವ ವಸ್ತು, ಮೊಲಕ್ಕೂ ಬಹಳ ಇಷ್ಟ. ಆದರೆ ಎರಡು ಎಚ್ಚರ: ತೋಟಕ್ಕೆ ಔಷಧಿ ಹೊಡೆದು ಎಷ್ಟು ದಿನವಾಯಿತೆಂದು ಕೇಳಿಯೇ ತನ್ನಿ. ಹುಳು ತಿಂದು ಬಿಟ್ಟ ಸೊಪ್ಪನ್ನು “ಸುಮ್ಮನೆ ಹಾಳಾಗುತ್ತಲ್ಲ” ಅಂತ ಹಾಕಬೇಡಿ. ಹುಳುವಿನ ಹಾಸಿಗೆಗೆ ಸುಣ್ಣ, ಔಷಧದ ಪುಡಿ ಉದುರಿಸಿರುತ್ತಾರೆ.

ಹಾಲನ್ನ, ಬಿಸ್ಕತ್ತು, ಇಡ್ಲಿ, ಬ್ರೆಡ್ಡು ಪ್ರೀತಿಯಿಂದ ಕೊಟ್ಟರೂ ಮೊಲಕ್ಕೆ ವಿಷಮವೇ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಆಲೂಗಡ್ಡೆ ಮತ್ತು ಟೊಮೇಟೊ ಗಿಡದ ಎಲೆ, ಕಣಗಿಲೆ, ಲಂಟಾನ ಹತ್ತಿರ ಸುಳಿಯಬಾರದು. ಇನ್ನು “ಮೊಲಕ್ಕೆ ನೀರು ಕೊಡಬಾರದು” ಎಂದು ಹೇಳುವವರಿದ್ದಾರೆ. ಅದು ಶುದ್ಧ ಸುಳ್ಳು. ಎರಡು ಕೆಜಿ ತೂಗುವ ಮೊಲ ದಿನಕ್ಕೆ ಒಂದು ಲೋಟದಷ್ಟು ನೀರು ಕುಡಿಯುತ್ತದೆ. ಮಗುಚದ ಭಾರವಾದ ಬಟ್ಟಲಿನಲ್ಲಿ ಸದಾ ಶುದ್ಧ ನೀರಿರಲಿ.

ಸೆಕೆಯಿಂದ ಕಾಪಾಡಿ

ಮೊಲ ನಮ್ಮಂತೆ ಬೆವರುವುದಿಲ್ಲ. ಕಿವಿಯ ಮೂಲಕವೇ ಹೆಚ್ಚಾಗಿ ಕಾವು ಕಳೆದುಕೊಳ್ಳಬೇಕು. 30 ಡಿಗ್ರಿ ದಾಟಿದರೆ ಅದಕ್ಕೆ ಅಪಾಯ ಶುರು. ಮಾರ್ಚಿಯಿಂದ ಮೇವರೆಗೆ ಶೀಟಿನ ಮನೆ, ತಾರಸಿ, ಬಿಸಿಲು ಬೀಳುವ ಜಗಲಿಯಲ್ಲಿ ಗೂಡು ಇಡುವ ಮಾತೇ ಬೇಡ. ಚಿಂಚಿಲ್ಲ ಸಾಕುವ ಹೊರದೇಶದವರು ಅದು ತಂಪಾಗಿ ಮಲಗಲೆಂದು ಕಲ್ಲಿನ ಹಲಗೆ ಕೊಂಡು ತರುತ್ತಾರಂತೆ. ಕಲ್ಲಿಗೆ ನಮ್ಮಲ್ಲೇನು ಬರ? ನೆರಳಲ್ಲಿಟ್ಟ ಒಂದು ಚಪ್ಪಡಿ ತುಂಡನ್ನು ಗೂಡಿನಲ್ಲಿ ಹಾಕಿ, ಮೊಲ ತಾನೇ ಹೋಗಿ ಹೊಟ್ಟೆ ಹಚ್ಚಿ ಮಲಗುತ್ತದೆ. ಗೂಡಿನ ಒಂದು ಬದಿಗೆ ಒದ್ದೆ ಗೋಣಿ ಇಳಿಬಿಡಿ. ಫ್ರಿಜ್ ಇದ್ದವರು ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ, ಹಳೆ ಟವೆಲ್ಲು ಸುತ್ತಿ ಪಕ್ಕಕ್ಕಿಡಬಹುದು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಒದ್ದೆ ಬಟ್ಟೆಯಿಂದ ಕಿವಿ ಒರೆಸಿ, ಕೂಡಲೇ ವೈದ್ಯರಲ್ಲಿಗೆ ಓಡಿ. ತಣ್ಣೀರಿನಲ್ಲಿ ಮುಳುಗಿಸಬೇಡಿ. ಸ್ನಾನವೂ ಬೇಡ, ಮೊಲ ತನ್ನ ಮೈಯನ್ನು ತಾನೇ ನೆಕ್ಕಿ ಚೊಕ್ಕಟವಾಗಿ ಇಟ್ಟುಕೊಳ್ಳುತ್ತದೆ.

ಹಬ್ಬದ ಗದ್ದಲವನ್ನೂ ನೆನಪಿಡಿ. ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗವಿರಲಿ, ದೀಪಾವಳಿಯ ಪಟಾಕಿಯಿರಲಿ, ಆ ದಿನಗಳಲ್ಲಿ ಗೂಡನ್ನು ಒಳಕೋಣೆಗೆ ಸೇರಿಸಿ, ಕಿಟಕಿ ಮುಚ್ಚಿ, ಗಾಳಿಯಾಡುವಂತೆ ಮೇಲೊಂದು ತೆಳು ಸೀರೆ ಹೊದಿಸಿ. ಹೆದರಿಕೆಯಿಂದಲೇ ಪ್ರಾಣ ಬಿಡುವ ಜೀವವದು.

ಗಾಬರಿ ಯಾವಾಗ, ನಗು ಯಾವಾಗ?

ಓಡಾಡುತ್ತಿದ್ದ ಮೊಲ ಧೊಪ್ಪನೆ ಪಕ್ಕಕ್ಕೆ ಬಿದ್ದರೆ ಸತ್ತೇಹೋಯಿತೆಂದು ಕಿರುಚಬೇಡಿ. ಅದು ನೆಮ್ಮದಿಯ ನಿದ್ದೆ. ನಿಮ್ಮ ಮನೆಯನ್ನು ತನ್ನದೆಂದು ಒಪ್ಪಿಕೊಂಡಿತು ಎಂದರ್ಥ. ಉಚ್ಚೆ ಕೆಲವೊಮ್ಮೆ ಕಿತ್ತಳೆ ಬಣ್ಣಕ್ಕಿದ್ದರೂ ಹೆಚ್ಚಾಗಿ ಅದು ಮೇವಿನ ಗುಣ. ತನ್ನದೇ ಮೆತ್ತನೆ ಹಿಕ್ಕೆಯನ್ನು ತಿಂದರೆ ಅಸಹ್ಯಪಡಬೇಡಿ, ಅದರ ಜೀರ್ಣಕ್ಕೆ ಅದು ಬೇಕು.

ಆದರೆ ಬೆಳಿಗ್ಗೆ ಎದ್ದ ಕೂಡಲೇ ಗೂಡಿನ ಕಡೆ ಒಮ್ಮೆ ನೋಡಿ: ರಾತ್ರಿಯ ಹುಲ್ಲು ಕಡಿಮೆಯಾಗಿದೆಯೇ? ದುಂಡನೆಯ ಒಣ ಹಿಕ್ಕೆ ಬಿದ್ದಿದೆಯೇ? ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದಿದ್ದರೆ ನಾಳೆ ನೋಡೋಣ ಎನ್ನಬೇಡಿ. ಮೊಲದ ಕರುಳು ನಿಂತರೆ ಜೀವ ನಿಂತಂತೆ. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ; ಅಲ್ಲಿ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮನೆಯಲ್ಲಿರುವ ಮಾತ್ರೆ ಪುಡಿಮಾಡಿ ಕೊಡುವುದು ಮಾತ್ರ ಬೇಡವೇ ಬೇಡ. ನಮಗೆ ಗುಣ ಕೊಡುವ ಪೆನ್ಸಿಲಿನ್, ಅಮಾಕ್ಸಿಸಿಲಿನ್ ಮಾತ್ರೆಗಳು ಮೊಲದ ಹೊಟ್ಟೆಗೆ ಹೋದರೆ ಕೊಲ್ಲಬಲ್ಲವು. ನಾಯಿಗೆ ಉಣ್ಣಿ ಹೋಗಲೆಂದು ಹಾಕುವ ಔಷಧಿಯನ್ನೂ ವೈದ್ಯರನ್ನು ಕೇಳದೆ ಇದಕ್ಕೆ ಹಚ್ಚಬೇಡಿ.

ಜೋಡಿ ತರುವ ಮುನ್ನ

ಮೊಲಕ್ಕೆ ಜೊತೆ ಬೇಕು ನಿಜ. ಆದರೆ ಅಂಗಡಿಯವರು “ಎರಡೂ ಹೆಣ್ಣೇ” ಎಂದದ್ದನ್ನು ನಂಬಿ ಕೂರಬೇಡಿ. ಚಿಕ್ಕ ಮರಿಗಳಲ್ಲಿ ಗುರುತು ಹಿಡಿಯುವುದು ಕಷ್ಟ. ನಾಲ್ಕೈದು ತಿಂಗಳಿಗೇ ಪ್ರಾಯಕ್ಕೆ ಬರುತ್ತವೆ, ಗಬ್ಬ ಒಂದೇ ತಿಂಗಳು, ಈದ ದಿನವೇ ಮತ್ತೆ ಗಬ್ಬವಾಗಬಲ್ಲವು. ವರ್ಷ ಕಳೆಯುವುದರೊಳಗೆ ಮನೆ ತುಂಬ ಮೊಲ! ಪಶುವೈದ್ಯರಿಗೆ ತೋರಿಸಿ, ಸಂತಾನಹರಣದ ಬಗ್ಗೆ ಮೊದಲೇ ಕೇಳಿ. ಹಾಗೆ ಹೆಚ್ಚಾದವನ್ನು ಬೆಟ್ಟದ ಕಡೆ ಬಿಟ್ಟುಬರುವುದು ದಯೆಯಲ್ಲ. ಗೂಡಿನಲ್ಲಿ ಬೆಳೆದ ಬಿಳಿ ಮೊಲ ಅಲ್ಲಿ ಒಂದು ರಾತ್ರಿಯೂ ಉಳಿಯದು.

ಇಷ್ಟೆಲ್ಲ ಓದಿ “ಅಬ್ಬಾ, ಇದೇನು ಬಾಣಂತನವೇ?” ಎನಿಸಬಹುದು. ಒಂದು ರೀತಿಯಲ್ಲಿ ಹೌದು, ಹದಿನೈದು ದಿನದ ಬಾಣಂತನ. ಆಮೇಲೆ ದಿನಕ್ಕೆ ಅರ್ಧ ಗಂಟೆಯ ಕೆಲಸ. ಆ ಕೆಲಸವನ್ನು ಮಕ್ಕಳಿಗೆ ಹಂಚಿ: ಒಬ್ಬರು ಗರಿಕೆ ಕೀಳಲಿ, ಒಬ್ಬರು ನೀರು ತುಂಬಲಿ, ಮುಟ್ಟಿದ ಮೇಲೆ ಇಬ್ಬರೂ ಸೋಪು ಹಾಕಿ ಕೈ ತೊಳೆಯಲಿ. ಈ ಬೇಸಿಗೆ ರಜಕ್ಕೆ ಮೊಲ ಬೇಕೆಂದು ಮಕ್ಕಳು ಹಠ ಹಿಡಿದರೆ, ಸೆಕೆ ಇಳಿದು ಮಳೆ ಬೀಳುವವರೆಗೆ ತಡೆಯಲು ಹೇಳಿ. ಅಷ್ಟರೊಳಗೆ ಗೂಡು ಮಾಡಿಸಿಟ್ಟುಕೊಳ್ಳಬಹುದು.