ಕೃತಜ್ಞತೆ ಮತ್ತು ಸಾಕ್ಷ್ಯ: ಕನ್ನಡ ಕ್ರೈಸ್ತ ಪರಂಪರೆಯಲ್ಲಿ ದೇವಸ್ತುತಿಯ ನುಡಿ

ದೇವರಿಗೆ ಕೃತಜ್ಞತೆಯನ್ನು ಸಲ್ಲಿಸುವುದು ಮತ್ತು ತಾನು ನಂಬಿದುದನ್ನು ಇತರರೊಡನೆ ಹಂಚಿಕೊಳ್ಳುವುದು, ಇವೆರಡನ್ನೂ ಸಾಮಾನ್ಯವಾಗಿ ಬೇರೆ ಬೇರೆ ಕ್ರಿಯೆಗಳೆಂದು ಪರಿಗಣಿಸಲಾಗುತ್ತದೆ. ಮೊದಲನೆಯದು ಭಕ್ತನಿಗೂ ಭಗವಂತನಿಗೂ ನಡುವಿನ ಅಂತರಂಗದ ವಿಷಯ. ಎರಡನೆಯದು ಧರ್ಮಪ್ರಸಾರವೆಂಬ ಬಹಿರಂಗ ಚಟುವಟಿಕೆ ಎಂಬ ವಿಂಗಡಣೆ ರೂಢಿಯಲ್ಲಿದೆ. ಆದರೆ ಧಾರ್ಮಿಕ ಪರಂಪರೆಗಳ ಆಚರಣೆ ಹಾಗೂ ಪರಿಭಾಷೆಗಳನ್ನು ಗಮನಿಸಿದಾಗ ಇವು ಒಂದೇ ಭಾವದ ಎರಡು ಮುಖಗಳೆಂಬುದು ಸ್ಪಷ್ಟವಾಗುತ್ತದೆ. ಕನ್ನಡ ನಾಡಿನ ಕ್ರೈಸ್ತ ಪರಂಪರೆಯನ್ನು, ಅದರಲ್ಲಿಯೂ ಬಾಸೆಲ್ ಮಿಶನ್ನಿನ ಸಾಹಿತ್ಯಕಾರ್ಯವನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಈ ಸಂಬಂಧದ ಸ್ವರೂಪವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದಗಳನ್ನು ಪರಿಶೀಲಿಸಬಹುದು. ‘ಕೃತಜ್ಞ’ ಎಂದರೆ ಮಾಡಿದ್ದನ್ನು ಬಲ್ಲವನು. ಕೃತಜ್ಞತೆಯ ತಿರುಳು ಅರಿವಿನಲ್ಲಿದೆಯೇ ಹೊರತು ಮಾತಿನ ಉಪಚಾರದಲ್ಲಿ ಅಲ್ಲ. ನಮ್ಮ ಆಡುನುಡಿಯಲ್ಲಿ ಈ ಭಾವವನ್ನು ‘ಋಣ’ ಎಂಬ ಪದ ಹೆಚ್ಚು ಸಹಜವಾಗಿ ಹೊರುತ್ತದೆ. ಅನ್ನದ ಋಣ, ಮಣ್ಣಿನ ಋಣ ಎನ್ನುವಾಗ ಪಡೆದವನು ಕೊಡಲೇಬೇಕಾದವನೂ ಆಗುತ್ತಾನೆ. ವೈದಿಕ ಪರಂಪರೆ ಹೇಳುವ ಋಣತ್ರಯದಲ್ಲಿ ದೇವಋಣ ಯಜ್ಞದಿಂದ, ಋಷಿಋಣ ಅಧ್ಯಯನದಿಂದ, ಪಿತೃಋಣ ಸಂತಾನದಿಂದ ತೀರುತ್ತದೆ. ಇವುಗಳಲ್ಲಿ ಋಷಿಋಣದ ಕಲ್ಪನೆ ಇಲ್ಲಿ ಗಮನಾರ್ಹ. ಅರಿವನ್ನು ಕೊಟ್ಟವರಿಗೆ ಅದನ್ನೇ ಹಿಂದಿರುಗಿಸಲು ಬಾರದು. ಅದನ್ನು ಉಳಿಸಿಕೊಂಡು ಮುಂದಿನವರಿಗೆ ದಾಟಿಸುವುದೇ ಋಣ ತೀರಿಸುವ ದಾರಿ.

ಬೈಬಲ್ಲಿನ ಪರಂಪರೆಯಲ್ಲಿಯೂ ಇಂಥದೇ ತರ್ಕ ಕಾಣುತ್ತದೆ. ಪ್ರಾಚೀನ ಇಸ್ರಾಯೇಲಿನಲ್ಲಿ ಕೃತಜ್ಞತೆಗಾಗಿ ಅರ್ಪಿಸುತ್ತಿದ್ದ ಬಲಿಯನ್ನು ಹೀಬ್ರೂ ಭಾಷೆಯಲ್ಲಿ ‘ತೋದಾ’ ಎನ್ನುತ್ತಾರೆ. ಆ ಬಲಿಯ ಮಾಂಸವನ್ನು ಅರ್ಪಿಸಿದ ದಿನವೇ ಊಟಮಾಡಿ ಮುಗಿಸಬೇಕು, ಮರುದಿನ ಬೆಳಗಿನವರೆಗೆ ಏನನ್ನೂ ಉಳಿಸಕೂಡದು ಎಂದು ಯಾಜಕಕಾಂಡದ 7ನೆಯ ಅಧ್ಯಾಯ ವಿಧಿಸುತ್ತದೆ. ಒಂದು ಪ್ರಾಣಿಯ ಮಾಂಸವನ್ನು ಒಂದೇ ದಿನದಲ್ಲಿ ಒಬ್ಬನೇ ತಿಂದು ಮುಗಿಸಲಾರ. ಬಂಧುಗಳನ್ನೂ ನೆರೆಯವರನ್ನೂ ಕರೆದು ಉಣಬಡಿಸುವುದು ಅನಿವಾರ್ಯವಾಗುತ್ತದೆ. ಕರೆದ ಮೇಲೆ ಯಾವ ಕಷ್ಟದಿಂದ ಪಾರಾದೆನೆಂಬುದನ್ನು ಅವರೆದುರು ಹೇಳುವುದೂ ಸಹಜವೇ. ಅನೇಕ ಕೀರ್ತನೆಗಳಲ್ಲಿ ಕಷ್ಟದ ನೆನಪು, ಮೊರೆ, ಬಿಡುಗಡೆ ಮತ್ತು ಸಭೆಯ ಮುಂದೆ ಸ್ತುತಿ ಎಂಬ ಕ್ರಮ ಕಂಡುಬರುವುದನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬಹುದು. ಹೀಗೆ ಹಂಚಿಕೆಯು ಕೃತಜ್ಞತೆಗೆ ಹೊರಗಿನಿಂದ ಸೇರಿದ ಅಂಶವಾಗಿರದೆ ಆಚರಣೆಯ ಒಳಗೇ ಅಡಕವಾಗಿತ್ತು.

ಹೊಸ ಒಡಂಬಡಿಕೆಯ ಎರಡು ಪ್ರಸಂಗಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಲೂಕನ ಸುವಾರ್ತೆಯಲ್ಲಿ ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದು ವಂದಿಸಿದವನು ಒಬ್ಬನೇ, ಅವನೂ ಅನ್ಯನೆನಿಸಿಕೊಂಡ ಸಮಾರ್ಯದವನು. ಮಾರ್ಕನ ಸುವಾರ್ತೆಯಲ್ಲಿ ದೆವ್ವಗಳ ಕಾಟದಿಂದ ಬಿಡುಗಡೆ ಹೊಂದಿದವನು ಯೇಸುವಿನ ಜೊತೆಯಲ್ಲಿಯೇ ಇರಲು ಬಯಸಿದರೂ ಯೇಸು ಅದಕ್ಕೆ ಒಪ್ಪದೆ, ಮನೆಗೆ ಹೋಗಿ ತನಗಾದ ಉಪಕಾರವನ್ನು ತನ್ನವರಿಗೆ ತಿಳಿಸುವಂತೆ ಹೇಳಿ ಕಳುಹಿಸುತ್ತಾನೆ. ಅವನು ಸಾರಬೇಕಾಗಿದ್ದುದು ತನಗೆ ಒದಗಿದ ಕರುಣೆಯನ್ನು ಮಾತ್ರ. ‘ಸಾಕ್ಷಿ’ ಎಂಬ ಪದ ಕ್ರೈಸ್ತ ಪರಿಭಾಷೆಯಲ್ಲಿ ಪಡೆದಿರುವ ಅರ್ಥ ಇದೇ. ಸಾಕ್ಷಿ ಹೇಳುವವನು ತಾನು ಕಂಡದ್ದನ್ನು ನುಡಿಯುತ್ತಾನೆ; ತೀರ್ಪು ಕೊಡುವುದು ಅವನ ಕೆಲಸವಲ್ಲ.

ಈ ವಿಚಾರಗಳು ಕನ್ನಡಕ್ಕೆ ಬಂದಾಗ ಅವುಗಳಿಗೆ ಒದಗಿದ ಪದಗಳು ಈಗಾಗಲೇ ಇಲ್ಲಿನ ಭಕ್ತಿಪರಂಪರೆಗಳಲ್ಲಿ ಪಳಗಿದ್ದವು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಕನ್ನಡ ಬೈಬಲ್ಲಿನ ಅನುವಾದವನ್ನು ಕೈಗೊಂಡನು. ಸಂಪೂರ್ಣ ಬೈಬಲ್ 1831ರ ವೇಳೆಗೆ ಸಿದ್ಧವಾಯಿತು. ಮುಂದೆ ಪರಿಷ್ಕಾರಗಳೂ ಹೊಸ ಅನುವಾದಗಳೂ ಬಂದವು. ಇಂದು ಕನ್ನಡ ಬೈಬಲ್ಲಿನಲ್ಲಿ ದಾವೀದನ ಹೆಸರಿನೊಡನೆ ಕೂಡಿಕೊಂಡಿರುವ ಸ್ತುತಿಗ್ರಂಥದ ಹೆಸರು ‘ಕೀರ್ತನೆಗಳು’. ಹರಿದಾಸರ ಹಾಡುಗಳಿಗೂ ನಾವು ಬಳಸುವ ಪದ ಅದೇ. ಕಡೆಯ ರಾತ್ರಿಯ ಭೋಜನದಲ್ಲಿ ಯೇಸು ರೊಟ್ಟಿಯನ್ನು ತೆಗೆದುಕೊಂಡು ದೇವರಿಗೆ ಸ್ತೋತ್ರಮಾಡಿ ಮುರಿದು ಹಂಚಿದನೆಂಬ ವರ್ಣನೆಯಲ್ಲಿ ‘ಸ್ತೋತ್ರ’ವು ಕೃತಜ್ಞತೆಯ ಅರ್ಥವನ್ನು ತಳೆಯುತ್ತದೆ. ಈ ಸಂಸ್ಕಾರದ ಗ್ರೀಕ್ ಹೆಸರಾದ ‘ಯೂಖರಿಸ್ತಿಯ’ದ ಅರ್ಥವೂ ಕೃತಜ್ಞತೆಯೇ. ಕನ್ನಡ ಕಥೋಲಿಕರು ಇದನ್ನು ‘ಪರಮಪ್ರಸಾದ’ ಎಂದು ಕರೆಯುತ್ತಾರೆ. ದೇವರಿಗೆ ಅರ್ಪಿತವಾಗಿ ಮರಳಿ ಬಂದು ಎಲ್ಲರಿಗೂ ಹಂಚಿಕೆಯಾಗುವುದು ಪ್ರಸಾದ. ಗ್ರೀಕ್ ಪದದಲ್ಲಿ ಕೃತಜ್ಞತೆ ಮುಂದಾಗಿದ್ದರೆ ಕನ್ನಡದ ಪದದಲ್ಲಿ ಅನುಗ್ರಹವೂ ಹಂಚಿಕೆಯೂ ಮುಂದಾಗಿವೆ.

ಶರಣರ ದಾಸೋಹ ಹಾಗೂ ಹರಿದಾಸರ ಕೀರ್ತನೆಗಳು ಈ ನೆಲವನ್ನು ಮೊದಲೇ ಹದಗೊಳಿಸಿದ್ದವು. ಕಾಯಕದಿಂದ ಬಂದುದನ್ನು ತನ್ನದೆಂದು ತಿಳಿಯದೆ ಜಂಗಮಕ್ಕೆ ಸಲ್ಲಿಸುವ ದಾಸೋಹದಲ್ಲಿ ಕೊಡುವವನ ಅಹಂಕಾರಕ್ಕೆ ಎಡೆಯಿಲ್ಲ. ಹಿಂದಿರುಗಿಸುವವನ ವಿನಯ ಮಾತ್ರವಿದೆ. ಹಾಗೆಯೇ ದಾಸರು ತಮ್ಮ ಅನುಭವವನ್ನು ಸಂಸ್ಕೃತ ಗ್ರಂಥಗಳಲ್ಲಿ ಅಡಗಿಸದೆ ಬೀದಿಯಲ್ಲಿ ಹಾಡಬಹುದಾದ ಕನ್ನಡಕ್ಕೆ ತಂದರು. ಅವರ ಹಾಡು ಏಕಕಾಲದಲ್ಲಿ ದೇವರ ಮುಂದಣ ನಿವೇದನೆಯೂ ಜನರ ಮುಂದಣ ಬೋಧನೆಯೂ ಆಗಿತ್ತು.

1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರನ್ನು ತಲಪಿದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗನು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದುದು ಸುವಿದಿತ. ಪ್ರಸ್ತುತ ವಿಷಯದ ದೃಷ್ಟಿಯಿಂದ ಅದಕ್ಕಿಂತ ಮಹತ್ತ್ವದ್ದು ಅವನು ಸಂಪಾದಿಸಿದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ. ನಿವೃತ್ತ ನ್ಯಾಯಾಧೀಶನಾದ ಕ್ಯಾಸಮೇಜರನ ಧನಸಹಾಯದಿಂದ ಆರಂಭವಾದ ಈ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ ಮೊದಲಾದವು ಕಲ್ಲಚ್ಚಿನಲ್ಲಿ ಪ್ರಕಟವಾದವು. ದಾಸರ ಪದಗಳ ಸಂಕಲನ 1850ರಲ್ಲಿ ಹೊರಬಂದಿತು. ತನ್ನ ನಂಬಿಕೆಯನ್ನು ಸಾರಲೆಂದು ಸಮುದ್ರ ದಾಟಿ ಬಂದವನು ಇತರರ ಕೃತಜ್ಞತೆಯ ಹಾಡುಗಳನ್ನು ಅಚ್ಚಿಗೆ ತಂದನು. ಜನರ ನಂಬಿಕೆಯನ್ನು ತಿಳಿಯದೆ ಅವರೊಡನೆ ಮಾತನಾಡಲಾಗದೆಂಬ ಪಾದ್ರಿಯ ಪ್ರಯೋಜನದೃಷ್ಟಿ ಇದರ ಹಿಂದಿದ್ದಿತು, ನಿಜ. ಆದರೆ ಉದ್ದೇಶವನ್ನು ಮೀರಿ ನಿಂತದ್ದು ಕೃತಿ. ಹೇಳಲು ಬಂದವನು ಮೊದಲು ಕೇಳಬೇಕಾಯಿತು ಎಂಬುದೇ ಇಲ್ಲಿನ ಪಾಠ.

ಈ ಕೇಳುವಿಕೆಯ ಅಗತ್ಯ ಸ್ತುತಿಗೀತೆಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಜರ್ಮನ್ ಗೀತೆಗಳ ಲಯಕ್ಕೆ ಉಚ್ಚಾರದ ಒತ್ತು ಆಧಾರ. ಕನ್ನಡ ಛಂದಸ್ಸಿಗೆ ಲಘು ಗುರುಗಳ ಕಾಲಪ್ರಮಾಣ ಆಧಾರ. ಜರ್ಮನ್ ರಾಗಕ್ಕೆ ಕನ್ನಡ ಪದಗಳನ್ನು ಹೊಂದಿಸಿದಾಗ ಹ್ರಸ್ವಗಳು ಹಿಗ್ಗುತ್ತವೆ, ದೀರ್ಘಗಳು ಕುಗ್ಗುತ್ತವೆ. ಅರ್ಥ ಸರಿಯಿದ್ದರೂ ಕಿವಿಗೆ ಹಾಡು ಪರಕೀಯವಾಗಿಯೇ ಉಳಿಯುತ್ತದೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಮಟ್ಟುಗಳಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ಪ್ರಕಟಿಸಿದುದು ಈ ತೊಡಕಿಗೆ ಕೊಟ್ಟ ಉತ್ತರವೆನ್ನಬಹುದು. ಅವನು 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದುದು, 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನು ಪೂರ್ಣಗೊಳಿಸಿದುದು ಪಾಂಡಿತ್ಯದ ಸಾಧನೆಗಳು, ಅವುಗಳ ಬೇರು ಈ ನುಡಿಯಲ್ಲಿ ದೇವರನ್ನು ಹೇಗೆ ಸ್ತುತಿಸಬೇಕೆಂಬ ಪ್ರಶ್ನೆಯವರೆಗೂ ಚಾಚಿದೆ.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ನಂಬಿಕೆಯನ್ನು ಸ್ವೀಕರಿಸಿದವರು ತೆತ್ತ ಬೆಲೆ ಸಣ್ಣದಾಗಿರಲಿಲ್ಲ. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಮುಂದೆ ಬಾಸೆಲ್ಲಿನಲ್ಲಿ ಅಧ್ಯಯನ ಮಾಡಿ ಪಾದ್ರಿಯಾಗಿ ಹಿಂದಿರುಗಿದನು. ಜಾತಿಯ ಆಸರೆಯನ್ನೂ ಕುಲಕಸುಬನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸುವ ಹೊಣೆ ಮಿಶನ್ನಿನ ಮೇಲೆ ಬಿದ್ದಿತು. ನೇಯ್ಗೆಯ ಕಾರ್ಖಾನೆಯೂ 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯೂ ಹೀಗೆ ಹುಟ್ಟಿದವು. ಇದರೊಡನೆ ಒಂದು ಕಠಿನ ಪ್ರಶ್ನೆಯೂ ಹುಟ್ಟಿತು. ಕೆಲಸ ಕೊಡುವವನೂ ನಂಬಿಕೆ ಕಲಿಸುವವನೂ ಒಬ್ಬನೇ ಆದಾಗ, ಸಭೆಯಲ್ಲಿ ಸಲ್ಲುವ ಕೃತಜ್ಞತೆ ದೇವರಿಗೆ ಸೇರುತ್ತದೆಯೇ ಅಥವಾ ಅನ್ನದಾತನಿಗೆ ಸೇರುತ್ತದೆಯೇ? ಉಪಕಾರದ ಭಾರದಿಂದ ಹೊರಟ ಒಪ್ಪಿಗೆಯನ್ನು ಸಾಕ್ಷ್ಯವೆನ್ನಲಾಗದು. ಆದರೆ ಅದೇ ಕಾರಣದಿಂದ ಆ ತಲೆಮಾರಿನವರೆಲ್ಲರ ನಂಬಿಕೆಯನ್ನು ಲಾಭದ ಲೆಕ್ಕಾಚಾರವೆಂದು ತಳ್ಳಿಹಾಕುವುದೂ ಅನ್ಯಾಯ. ಕಳೆದುಕೊಂಡದ್ದು ಪಡೆದದ್ದಕ್ಕಿಂತ ಹೆಚ್ಚಾಗಿದ್ದವರೂ ಅವರಲ್ಲಿದ್ದರು.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆ ಕಾನೂನಿನ ರೂಪವನ್ನೂ ಪಡೆಯಿತು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಗಳಿಗೆ ಒಳಪಟ್ಟು ಎಲ್ಲರಿಗೂ ನೀಡುತ್ತದೆ. ಪ್ರಚಾರದ ಹಕ್ಕೆಂದರೆ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ಈ ತೀರ್ಪಿನ ಬಗ್ಗೆ ನ್ಯಾಯಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದಾಗ್ಯೂ ಹೇಳುವುದಕ್ಕೂ ಹೇರುವುದಕ್ಕೂ ಇರುವ ಅಂತರವನ್ನು ಸಾಕ್ಷ್ಯದ ಮೂಲ ಕಲ್ಪನೆಯೇ ಗುರುತಿಸಿತ್ತೆಂಬುದನ್ನು ಮರೆಯಲಾಗದು.

ಮಾತಿಲ್ಲದೆ ನಡೆಯುವ ಹಂಚಿಕೆಯೂ ಉಂಟು. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನವನ್ನು ‘ಮೊಂತಿ ಫೆಸ್ತ್’ ಎಂದು ಆಚರಿಸುತ್ತಾರೆ. ಮಕ್ಕಳು ಹೂವನ್ನು ಅರ್ಪಿಸುತ್ತಾರೆ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಗಳನ್ನು ಮನೆಮನೆಗೆ ಒಯ್ದು, ಕಾಳನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಸೇವಿಸುತ್ತಾರೆ. ಅದೇ ಸೀಮೆಯ ತುಳುವರಲ್ಲಿ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುವ ಆಚರಣೆಯಿದೆ, ಕೊಡಗಿನಲ್ಲಿ ಪುತ್ತರಿಯಿದೆ. ದೇವರ ಹೆಸರುಗಳು ಬೇರೆಯಾದರೂ ಹೊಸ ಬೆಳೆಯನ್ನು ಮೊದಲು ಕೊಟ್ಟವನಿಗೆ ತೋರಿಸಿ, ಬಳಿಕ ಹಂಚಿ ಉಣ್ಣುವ ಕ್ರಮ ಒಂದೇ. ನೆರೆಯವನ ಹಬ್ಬದ ಅರ್ಥ ಇಲ್ಲಿ ಯಾರಿಗೂ ವಿವರಣೆಯಿಲ್ಲದೆ ತಿಳಿಯುತ್ತದೆ.

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಹಂಚಿಕೆಯಿಲ್ಲದ ಕೃತಜ್ಞತೆ ಸ್ವಂತ ಸೌಖ್ಯದ ಸಮಾಧಾನವಾಗಿ ಸಂಕುಚಿತಗೊಳ್ಳುತ್ತದೆ. ಕೃತಜ್ಞತೆಯಿಲ್ಲದ ಹಂಚಿಕೆ ಸಂಖ್ಯೆಯ ಪೈಪೋಟಿಯಾಗಿ ಮಾರ್ಪಡುತ್ತದೆ. ಎರಡೂ ಕೂಡಿದಲ್ಲಿ ಮಾತ್ರ ನಂಬಿಕೆಯ ಮಾತು ಕೇಳುವವನ ಸ್ವಾತಂತ್ರ್ಯಕ್ಕೆ ಧಕ್ಕೆ ತಾರದೆ ಅವನನ್ನು ಮುಟ್ಟುತ್ತದೆ. ಕನ್ನಡದ ಸ್ತುತಿಗೀತೆಗಳನ್ನೂ ಪ್ರಾರ್ಥನಾ ಪುಸ್ತಕಗಳನ್ನೂ ಕೇವಲ ಮತೀಯ ಸಾಹಿತ್ಯವೆಂದು ಬದಿಗಿರಿಸದೆ, ವಚನ ಮತ್ತು ಕೀರ್ತನೆಗಳ ಜೊತೆಗಿಟ್ಟು ಅಭ್ಯಸಿಸುವ ಕಾರ್ಯ ಇನ್ನೂ ವ್ಯಾಪಕವಾಗಿ ನಡೆಯಬೇಕಾಗಿದೆ. ಈ ನುಡಿ ಎಷ್ಟು ಬಗೆಯ ಋಣಗಳನ್ನು ನೆನೆಯಬಲ್ಲದು ಎಂಬುದನ್ನು ಅಂತಹ ಅಧ್ಯಯನ ತೋರಿಸಿಕೊಡಬಲ್ಲದು.