ಮುಂಜಾವಿನ ಬೆಳಕು, ಮಾಯದ ನೋವು

ತಿಂಗಳುಗಟ್ಟಲೆ ಮೈಕೈ ನೋವು, ಮಲಗಿ ಎದ್ದರೂ ಆರದ ದಣಿವು. ಇಂತಹವರನ್ನು ಮನೆಯವರೇ ಸೋಮಾರಿಗಳೆಂದು ಹೀಗಳೆಯುವುದನ್ನು ನಾವು ಕಾಣುತ್ತೇವೆ. ಅದು ಅನ್ಯಾಯ.

ಹೊತ್ತಿನ ಅರಿವನ್ನು ಮೆದುಳಿಗೆ ಮುಟ್ಟಿಸುವ ವಿಶೇಷ ಜೀವಕೋಶಗಳು ಸಸ್ತನಿಗಳ ಅಕ್ಷಿಪಟದಲ್ಲಿರುವುದು 2002ರಲ್ಲಿ ಸ್ಪಷ್ಟವಾಯಿತು. ಮುಂಜಾವಿನ ಬೆಳಕು ಅವುಗಳ ಮೂಲಕ ದೇಹದ ಗಡಿಯಾರವನ್ನು ಹದಗೊಳಿಸಿ, ರಾತ್ರಿಯ ನಿದ್ರೆಯನ್ನು ಸಕಾಲಕ್ಕೆ ತರುತ್ತದೆ. ನಿದ್ರೆ ಕೆಟ್ಟಲ್ಲಿ ನೋವೂ ಬಲಿಯುವುದಷ್ಟೆ? ಬಹುಕಾಲದ ಬೆನ್ನುನೋವಿನವರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗಗಳು ಚಿಕ್ಕವು. ಫಲ ಆಶಾದಾಯಕ, ನಿರ್ಣಾಯಕವಲ್ಲ.

ಅಲ್ಲಿ 10,000 ಲಕ್ಸ್ ಪ್ರಖರತೆಯ ದೀಪಗಳನ್ನು ಕೊಳ್ಳುವವರಿದ್ದಾರೆ. ನಮಗೆ ಅಂಗಳವೇ ಸಾಕು. ಅಡುಗೆಮನೆಯ ದೀಪವಾದರೋ ಕೆಲವು ನೂರು ಲಕ್ಸ್ ಮಾತ್ರ. ನಸುಕಿನಲ್ಲೇ ಎದ್ದರೂ ಬೆಳಗೆಲ್ಲ ಒಲೆಯ ಮುಂದೆ ಕಳೆಯುವ ತಾಯಂದಿರು ಅರ್ಧ ಗಂಟೆ ಹೊರಗೆ ಕುಳಿತುಕೊಳ್ಳಲಿ. ಒಲೆಯನ್ನು ಉಳಿದವರು ನೋಡಿಕೊಳ್ಳಲಿ. ಸೂರ್ಯನನ್ನು ದಿಟ್ಟಿಸಬಾರದು. ಅಕ್ಷಿಪಟದ ರೋಗವುಳ್ಳವರು ಮೊದಲು ವೈದ್ಯರನ್ನು ಕೇಳಬೇಕು. ನಡೆಯುತ್ತಿರುವ ಔಷಧವನ್ನು ತಾವಾಗಿ ನಿಲ್ಲಿಸಕೂಡದು.