86:01 ಬಿಡದೆ ಕಾಡಿದರೆ: ಪ್ಲಾಟರ್ ದುರಸ್ತಿಯ ಲೆಕ್ಕ

ಎಚ್‌ಪಿ ಡಿಸೈನ್‌ಜೆಟ್ 500 ದೊಡ್ಡ ನಕ್ಷೆ ಮುದ್ರಿಸುವ ಹಳೆಯ ಪ್ಲಾಟರ್. 24 ಮತ್ತು 42 ಇಂಚು ಅಗಲದ ಈ ಯಂತ್ರಗಳಿಗೆ ವಯಸ್ಸಾದಂತೆ ಪರದೆಯ ಮೇಲೆ ಆಗಾಗ ಕಾಣುವ ಎರರ್ ಕೋಡ್ 86:01. ಸ್ವಿಚ್ ಆರಿಸಿ ಹಾಕಿದರೆ ಮಾಯವಾಗುತ್ತದೆ, ಒಂದೆರಡು ನಕ್ಷೆ ಮುಗಿಯುವಷ್ಟರಲ್ಲಿ ಮತ್ತೆ ಹಾಜರಾಗುತ್ತದೆ. ಇಂಥ ಹೊತ್ತಿನಲ್ಲಿ ಮಾಲೀಕರು ದುಡ್ಡು ಕಳೆದುಕೊಳ್ಳುವುದು ತಪಾಸಣೆಯ ಕ್ರಮ ತಪ್ಪಿದಾಗ.

ಕೋಡ್ ಹೇಳುವುದೇನು?

81:01 ಬಂದರೆ ಕಾಗದ ಎಳೆಯುವ ಕಡೆ ತೊಂದರೆ. 86:01 ಬಂದರೆ ಮುದ್ರಣ ತಲೆಗಳನ್ನು ಹೊತ್ತ ಕ್ಯಾರೇಜ್ ಎಡಬಲಕ್ಕೆ ಓಡುವ ಕಡೆ ತೊಂದರೆ. ಯಾವ ಬಿಡಿಭಾಗ ಕೆಟ್ಟಿದೆ ಎಂಬುದನ್ನು ಕೋಡ್ ತಿಳಿಸುವುದಿಲ್ಲ. ದಾರಿಗೆ ಅಡ್ಡ ಬಿದ್ದ ಕಾಗದದ ಚೂರು, ಸರಿಯಾಗಿ ಮುಚ್ಚದ ಕ್ಯಾರೇಜ್ ಮುಚ್ಚಳ, ಎಣ್ಣೆ ಒಣಗಿದ ಕ್ಯಾರೇಜ್ ಕಂಬಿ, ಕೊಳೆಯಾದ ಎನ್‌ಕೋಡರ್ ಪಟ್ಟಿ, ಹಳತಾದ ಬೆಲ್ಟ್, ಸವೆದ ಕೇಬಲ್, ಮೋಟಾರ್, ಕೊನೆಗೆ ಬೋರ್ಡ್: ಎಂಟರಲ್ಲಿ ಯಾವುದಾದರೂ ಕಾರಣವಾಗಬಹುದು. ಮೊದಲ ನಾಲ್ಕಕ್ಕೆ ಬಿಡಿಭಾಗದ ಖರ್ಚೇ ಇಲ್ಲ.

5 ಮಿಲಿಮೀಟರ್ ಕಲೆಯ ಬೆಲೆ

ಕ್ಯಾರೇಜ್ ಎಲ್ಲಿದೆ ಎಂದು ಯಂತ್ರ ತಿಳಿಯುವುದು ಪಾರದರ್ಶಕ ಎನ್‌ಕೋಡರ್ ಪಟ್ಟಿಯ ಮೇಲಿನ ಗೆರೆಗಳನ್ನು ಎಣಿಸಿ. ಇಂಚಿಗೆ 150 ಗೆರೆ ಎಂದು ಹಿಡಿದರೆ ಒಂದರಿಂದ ಇನ್ನೊಂದಕ್ಕೆ ಇರುವ ದೂರ 0.17 ಮಿ.ಮೀ. 42 ಇಂಚಿನಲ್ಲಿ 6,300 ಗೆರೆಗಳು. ಶಾಯಿಯ ಅಥವಾ ಎಣ್ಣೆಯ 5 ಮಿ.ಮೀ. ಕಲೆ ಸುಮಾರು 30 ಗೆರೆಗಳನ್ನು ಮುಚ್ಚಿಬಿಡುತ್ತದೆ. ಎಣಿಕೆ ತಪ್ಪಿದೊಡನೆ ಯಂತ್ರ ನಿಲ್ಲುತ್ತದೆ. ನೂಲು ಬಿಡದ ಬಟ್ಟೆಗೆ ತುಸು ಡಿಸ್ಟಿಲ್ಡ್ ನೀರು ಹಚ್ಚಿ ಹಗುರವಾಗಿ ಒರೆಸಿದರೆ ಸಾಕು. ಥಿನ್ನರ್ ಮಾತ್ರ ಬೇಡ, ಗೆರೆಗಳೇ ಅಳಿಸಿಹೋಗಬಹುದು.

ಕ್ಯಾರೇಜ್ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಅಲ್ಲೇ ಕಲೆ ಅಥವಾ ಅಡ್ಡಿ ಇರುವ ಸಂಭವ ಹೆಚ್ಚು. ವಿದ್ಯುತ್ ತೆಗೆದು ಕೈಯಲ್ಲಿ ಮೆಲ್ಲಗೆ ಸರಿಸಿದಾಗ ಉದ್ದಕ್ಕೂ ಬಿಗಿಯಾಗಿದ್ದರೆ ಕಂಬಿ, ಬೆಲ್ಟ್ ನೋಡಬೇಕು. ಹಳೆಯ ಬೆಲ್ಟ್ ಅಂಟಂಟಾಗಿ ಪುಡಿ ಉದುರುತ್ತದೆ. ಆ ಪುಡಿ ಕಂಬಿಗೂ ಪಟ್ಟಿಗೂ ಮೆತ್ತಿಕೊಳ್ಳುತ್ತದೆ. ಆಗ ಬರೀ ಒರೆಸಿ ಪ್ರಯೋಜನವಿಲ್ಲ, ಬೆಲ್ಟ್ ಬದಲಿಸಲೇಬೇಕು.

ಕಾಗದದ ನಷ್ಟ

ಎ0 ನಕ್ಷೆಯ ಅಳತೆ 841×1189 ಮಿ.ಮೀ. 36 ಇಂಚು ಅಗಲ, 45.7 ಮೀಟರ್ ಉದ್ದದ ರೋಲ್‌ನಲ್ಲಿ ಹೆಚ್ಚೆಂದರೆ 38 ನಕ್ಷೆ. ಅರ್ಧಕ್ಕೆ ನಿಂತು 4 ಹಾಳೆ ಹಾಳಾದರೆ 4.76 ಮೀಟರ್, ಅಂದರೆ ರೋಲ್‌ನ ಶೇ 10ಕ್ಕೂ ಹೆಚ್ಚು ಕಸದ ಬುಟ್ಟಿಗೆ.

ದುರಸ್ತಿಯ ಬಿಲ್

ಕೆಳಗಿನವು ಲೆಕ್ಕಕ್ಕೆಂದು ಹಿಡಿದ ದರಗಳು. ನಿಮ್ಮ ಊರಿನ ದರ ಹಾಕಿಕೊಳ್ಳಿ.

• ಬೆಲ್ಟ್ 6,000 ರೂ., ಕೂಲಿ 2,000 ರೂ., ಶೇ 18 ಜಿಎಸ್‌ಟಿ 1,440 ರೂ.: ಒಟ್ಟು 9,440 ರೂ.
• ಬೋರ್ಡ್ 25,000 ರೂ., ಜಿಎಸ್‌ಟಿ 4,500 ರೂ.: ಒಟ್ಟು 29,500 ರೂ.
• ದಿನಕ್ಕೆ 30 ನಕ್ಷೆ, ಒಂದಕ್ಕೆ 60 ರೂ. ಲಾಭ: ಯಂತ್ರ ನಿಂತರೆ ದಿನಕ್ಕೆ 1,800 ರೂ. ನಷ್ಟ.

ಮೊದಲೇ ಬೋರ್ಡ್ ಹಾಕಿಸಿ, ಕೋಡ್ ಹೋಗದೆ, ಆಮೇಲೆ ಬೆಲ್ಟ್ ಬದಲಿಸಿದರೆ ಖರ್ಚು 38,940 ರೂ. ನಡುವೆ 5 ದಿನ ಕೆಲಸ ನಿಂತರೆ ಇನ್ನೂ 9,000 ರೂ. ಸೇರಿ 47,940 ರೂ. ಬೆಲ್ಟನ್ನೇ ಮೊದಲು ನೋಡಿ ಒಂದೇ ದಿನದಲ್ಲಿ ಮುಗಿಸಿದ್ದರೆ 11,240 ರೂ. ಸಾಕಿತ್ತು. ವ್ಯತ್ಯಾಸ 36,700 ರೂ.

ಸಣ್ಣ ಅಂಗಡಿಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಬೋರ್ಡ್ ಬದಲಿಸಲು ಒಪ್ಪುವ ಮೊದಲು ಪಟ್ಟಿ, ಕಂಬಿ, ಬೆಲ್ಟ್, ಕೇಬಲ್, ಮೋಟಾರ್ ಐದನ್ನೂ ಪರೀಕ್ಷಿಸಲಾಗಿದೆ ಎಂದು ಸರ್ವಿಸ್‌ನವರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ.